ಅಂಟು ಬಿಡಿಸುವವಳು

ಅವಳನ್ನು ಎಲ್ಲರೂ ಅಂಟಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆ ಹೆಸರಿನಿಂದ ಯಾರಾದರೂ ಕೂಗಿದರೆ, ಯಾರನ್ನು ಕರೆದರಪ್ಪ ಎಂದು ಅವಳೇ ಹಿಂದೆ ತಿರುಗಿ ನೋಡಬೇಕು, ಅಷ್ಟರಮಟ್ಟಿಗೆ ಅದು ಮರೆತುಹೋಗಿತ್ತು. ಅವಳು ಕೆಲಸಕ್ಕಿದ್ದ ರಿಪೇರಿ ಅಂಗಡಿಯ ಮೆಕ್ಯಾನಿಕ್‌ಗಳು ಇಟ್ಟ ಅಡ್ಡಹೆಸರು ಇದು. ಅಂಟು ಬಿಡಿಸುವವಳನ್ನು ಅಂಟಕ್ಕ ಅನ್ನೋದು ಯಾವ ನ್ಯಾಯ ಎಂದು ಅವಳು ಒಮ್ಮೆ ಕೇಳಿದ್ದಳು. ಬಟ್ಟೆಯ ಕೊಳೆ ತೆಗೆಯುವವನನ್ನು ಕೊಳೆಯಣ್ಣ ಅಂತ ನಾವು ಕರೆಯಲ್ಲ, ನಿನಗೆ ಮಾತ್ರ ಈ ಮರ್ಯಾದೆ ಎಂದು ಅವರು ನಕ್ಕಿದ್ದರು. ಅವಳೂ ನಕ್ಕುಬಿಟ್ಟಳು.

ಕೆಲಸವೆಂದರೆ ಇಷ್ಟೇ. ಗೇಮ್ಸ್ ಹಾಲ್‌ಗಳಲ್ಲಿ ಕಾರು ಓಡಿಸುವ ಆಟದ ದೊಡ್ಡ ಯಂತ್ರಗಳಿರುತ್ತವಲ್ಲ, ಸೀಟಿನಲ್ಲಿ ಕುಳಿತು ಟೋಕನ್ ಹಾಕಿ ಸ್ಟೀರಿಂಗ್ ತಿರುಗಿಸುವಂಥವು, ಅವುಗಳ ಹಳೆಯ ಸ್ಟೀರಿಂಗ್‌ಗಳನ್ನು ಬಿಚ್ಚಿ, ಗೋಣಿಚೀಲಗಳಲ್ಲಿ ತುಂಬಿ ಆ ಅಂಗಡಿಗೆ ಕಳಿಸುತ್ತಿದ್ದರು. ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಒಂದು ಮೋಟು ಸ್ಟೂಲಿನ ಮೇಲೆ ಕುಳಿತು ಅಂಟಕ್ಕ ಅವನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದಳು. ಇದೂ ಒಂದು ಕೆಲಸವಾ ಎಂದು ಮೂಗು ಮುರಿಯುವವರು ಅಂಥದ್ದೊಂದನ್ನು ಒಮ್ಮೆ ಹಿಡಿದು ನೋಡಬೇಕು. ಹಿಡಿಯುವುದೇನೋ ಸುಲಭ, ಬಿಡುವುದಿದೆಯಲ್ಲ, ಅದು ಕಷ್ಟ. ಅಂಗೈಯ ಚರ್ಮವೇ ಕಿತ್ತು ಬರುತ್ತದೇನೋ ಅನ್ನಿಸುತ್ತದೆ. ಬಿಡಿಸಿಕೊಂಡ ಮೇಲೆ ಕೈಯೆಲ್ಲ ಮಸಿ.

ಮಕ್ಕಳ ಕೈಯ ಮಿಠಾಯಿ, ಬೆವರು, ಜಿಡ್ಡು ಎಲ್ಲ ಸೇರಿ ಹಾಗಾಗುತ್ತದೆ ಎಂದು ಜನ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ಹೊಸದರಲ್ಲಿ ಸ್ಟೀರಿಂಗ್‌ಗೆ ಮೆತ್ತನೆಯ ರಬ್ಬರ್ ಬಣ್ಣ ಹೊಡೆದಿರುತ್ತಾರೆ, ಮುಟ್ಟಿದರೆ ಹಿತವಾಗಿರಲಿ ಎಂದು. ವರ್ಷಗಳು ಕಳೆದಂತೆ ಆ ಬಣ್ಣ ತನ್ನಷ್ಟಕ್ಕೆ ತಾನೇ ಕೊಳೆತು ಅಂಟಾಗುತ್ತದೆ. ಯಾರೂ ಮುಟ್ಟದೆ ಬಟ್ಟೆ ಸುತ್ತಿ ಇಟ್ಟರೂ ಕೊಳೆಯುತ್ತದೆ. ಮೇಲೆ ಕೂತ ಕೊಳೆಯಾದರೆ ಸೋಪಿನ ನೀರಿಗೆ ಹೋಗುತ್ತದೆ, ತಾನೇ ಕೊಳೆತದ್ದು ಜಪ್ಪಯ್ಯ ಎಂದರೂ ಹೋಗುವುದಿಲ್ಲ. ಕೆಲವರು ಪೌಡರ್ ಬಳಿದು ಗಂಜಿ ಮಾಡಿಡುತ್ತಾರೆ, ಇನ್ನು ಕೆಲವು ಬುದ್ಧಿವಂತರು ಥಿನ್ನರ್ ಸುರಿದು ಪ್ಲಾಸ್ಟಿಕ್ಕನ್ನೇ ಕರಗಿಸಿಬಿಡುತ್ತಾರೆ. ಅಂಟಕ್ಕನ ದಾರಿ ಒಂದೇ. ಹಳೆಯ ಬನಿಯನ್ ಬಟ್ಟೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿ, ಒಂದೇ ದಿಕ್ಕಿಗೆ ಉಜ್ಜಬೇಕು. ಸಂದುಗಳಿಗೆ ಬಿದಿರುಕಡ್ಡಿ. ಬ್ಲೇಡು ಕೂಡದು. ಬಟ್ಟೆಗೆ ಮಸಿ ಬರುವುದು ನಿಲ್ಲುವ ತನಕ ಕೈ ನಿಲ್ಲಿಸಬಾರದು. ಅರ್ಧ ಉಳಿಸಿದರೆ ಆ ಅರ್ಧ ಮತ್ತೆ ಕರಗಿ ಇನ್ನೂ ಹಾಳು ಮಾಡುತ್ತದೆ. ಅದಕ್ಕೇ ಅವಳ ಕೈಯಿಂದ ಹೊರಟ ಸ್ಟೀರಿಂಗ್‌ನಲ್ಲಿ ಆ ಲೇಪದ ಒಂದು ಚುಕ್ಕೆಯೂ ಉಳಿದಿರುತ್ತಿರಲಿಲ್ಲ. ಒಳಗಿನ ಗಟ್ಟಿ ಪ್ಲಾಸ್ಟಿಕ್ ಬರಿಗಾಜಿನ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಅದರ ಬಗ್ಗೆ ಅವಳಿಗೆ ಜಂಬವಿತ್ತು. ಇರಲಿ ಬಿಡಿ, ಅವಳಿಗೆ ಜಂಬಪಡಲು ಬೇರೇನಿತ್ತು?

ಮದುವೆಯೇನೋ ಆಗಿತ್ತು. ಅದು ಮದುವೆ ಎಂದು ಕರೆಯುವಂಥದ್ದಾಗಿರಲಿಲ್ಲ. ಒಂದು ಬೆಳಿಗ್ಗೆ ತುಟಿ ಒಡೆದುಕೊಂಡು, ಕೈಯಲ್ಲಿ ಒಂದು ಚೀಲ ಹಿಡಿದುಕೊಂಡು ಅಣ್ಣನ ಮನೆ ಬಾಗಿಲಿಗೆ ಬಂದು ನಿಂತವಳನ್ನು ಅಣ್ಣ ಏನು, ಎತ್ತ ಎಂದು ಒಂದು ಮಾತೂ ಕೇಳಲಿಲ್ಲ. ಚೀಲ ಇಸಿದುಕೊಂಡು, ಒಳಗೆ ಇದ್ದ ಹೆಂಡತಿಗೆ ಇನ್ನೊಂದು ತಟ್ಟೆ ಹಾಕು ಎಂದಷ್ಟೇ ಕೂಗಿ ಹೇಳಿದ. ನೆಂಟರು ಬಂದು ಅವಳನ್ನು ತಿರುಗಿ ಕಳಿಸಲು ಉಪದೇಶ ಶುರು ಮಾಡಿದಾಗ, ನಿಮ್ಮ ಮಗಳನ್ನು ಕಳಿಸಿ ನೋಡಿ, ಆಮೇಲೆ ಮಾತಾಡೋಣ ಎಂದು ಬಾಯಿ ಮುಚ್ಚಿಸಿದ. ಅತ್ತಿಗೆಯೂ ಅಷ್ಟೇ. ಮನೆಯಲ್ಲೇ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದ ಹೆಂಗಸು, ಬಾಯಿ ಸ್ವಲ್ಪ ಜೋರು, ಆದರೆ ನಾದಿನಿಯ ಮೇಲೆ ಆ ಬಾಯಿಯನ್ನು ಒಂದು ದಿನವೂ ಹರಿಯಬಿಟ್ಟವಳಲ್ಲ.

ಅಣ್ಣನದು ಆಗ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಗೇಮ್ಸ್ ಹಾಲ್ ಇತ್ತು. ಅಂಟಕ್ಕ ಟೋಕನ್ ಕೌಂಟರಿನಲ್ಲಿ ಕುಳಿತಳು. ಅಣ್ಣನೋ, ಗಿರಾಕಿಗಳು ಕಡಿಮೆ ಇದ್ದಾಗಲೆಲ್ಲ ತಾನೇ ಕಾರಿನ ಆಟಕ್ಕೆ ಕುಳಿತುಬಿಡುತ್ತಿದ್ದ. ಕುತ್ತಿಗೆ ಬಗ್ಗಿಸಿ, ತುಟಿ ಕಚ್ಚಿ, ತಿರುವಿನಲ್ಲಿ ಮೈಯನ್ನೂ ವಾಲಿಸಿ ಓಡಿಸುವ ಅವನನ್ನು ನೋಡಿ, ನಿಮ್ಮಣ್ಣ ನಿಜವಾದ ಕಾರು ಓಡಿಸೋಕೆ ಕಲಿಯಬಾರದಾ ಎಂದು ಅತ್ತಿಗೆ ಗೊಣಗಿದರೆ, ನಿಜವಾದದ್ದಕ್ಕೆ ಡಿಕ್ಕಿ ಹೊಡೆದರೆ ಮತ್ತೆ ಟೋಕನ್ ಹಾಕೋಕಾಗಲ್ಲ ಕಣೇ ಎನ್ನುತ್ತಿದ್ದ. ಎಲ್ಲರ ಕೈಗೂ ಫೋನ್ ಬಂದು ಆಟಗಳೆಲ್ಲ ಅದರೊಳಗೆ ಸೇರಿಕೊಂಡ ಮೇಲೆ ಮೇಲಿನ ಮಹಡಿಗೆ ಹತ್ತಿ ಬರುವವರೇ ಇಲ್ಲವಾದರು. ಹಾಲ್ ಮುಚ್ಚಿತು. ಅಣ್ಣ ಕೆಳಗಿನ ಚಪ್ಪಲಿ ಅಂಗಡಿಯಲ್ಲೇ ಬಿಲ್ಲು ಬರೆಯಲು ಸೇರಿಕೊಂಡ, ಅಂಟಕ್ಕ ರಿಪೇರಿ ಅಂಗಡಿ ಹಿಡಿದಳು. ಕಾರಿನ ಯಂತ್ರ ಒಂದನ್ನು ಮಾತ್ರ ಅವನು ಮಾರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಅರ್ಧ ಜಾಗವನ್ನು ಅದೇ ತಿಂದು ಕುಳಿತಿತ್ತು. ಅತ್ತಿಗೆ ಅದರ ಸೀಟಿನ ಮೇಲೆ ಇಸ್ತ್ರಿ ಬಟ್ಟೆ ಒಟ್ಟುತ್ತಿದ್ದಳು.

ಹೀಗಿರುವಾಗ ಅಣ್ಣನಿಗೆ ಲಕ್ವ ಹೊಡೆಯಿತು. ಚಪ್ಪಲಿ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದವನ ಕೈಯಿಂದ ಪೆನ್ನು ಜಾರಿತು, ಎತ್ತಿಕೊಳ್ಳಲು ಬಗ್ಗಿದವನು ಏಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಭಾಗ ಪೂರ್ತಿ ಬಿದ್ದಿತ್ತು. ಮಾತು ನಿಧಾನವಾಗಿ ಮರಳಿತು, ಕಾಲು ಕೋಲೂರಿ ನಡೆಯುವಷ್ಟಾಯಿತು. ಬಲಗೈ ಮಾತ್ರ ಬರಲಿಲ್ಲ. ತೋಳನ್ನು ಮೇಲೆತ್ತಿದರೆ ಹಾಗೇ ಕೆಳಗೆ ಬೀಳುತ್ತಿತ್ತು.

ಕಸರತ್ತು ಮಾಡಿಸಲು ಒಬ್ಬ ಮೇಡಂ ಬರುತ್ತಿದ್ದರು. ಆಕೆ ಮೆತ್ತನೆಯ ಚೆಂಡು ಕೊಟ್ಟು ಒತ್ತಿ ಎಂದರೆ ಅಣ್ಣ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದ. ಎಡಗೈಯಲ್ಲಿ ಚಮಚ ಹಿಡಿಯಲು ಕಲಿಯಿರಿ ಎಂದರೆ ಊಟವನ್ನೇ ಬೇಡವೆನ್ನುತ್ತಿದ್ದ. ಎಡಗೈ ಕಲಿಯುವುದೆಂದರೆ ಬಲಗೈಗೆ ಎಳ್ಳುನೀರು ಬಿಟ್ಟಂತೆ ಎನ್ನುವುದು ಅವನ ಲೆಕ್ಕ. ಅತ್ತಿಗೆ ತುತ್ತು ತಿನ್ನಿಸುತ್ತಿದ್ದಳು. ಆ ಹೊತ್ತಿನಲ್ಲಿ ಅವನು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದ. ಯಾರಿಗೆ ನೋಡಲಾಗುತ್ತದೆ ಅದನ್ನು? ಅಂಟಕ್ಕ ಕೆಲಸದ ನೆಪ ಮಾಡಿ ಹೊರಗೆ ಹೋಗಿಬಿಡುತ್ತಿದ್ದಳು.

ಒಂದು ದಿನ ಅತ್ತಿಗೆ ಮಂಚ ಝಾಡಿಸಲೆಂದು ಅವನನ್ನು ಎಬ್ಬಿಸಿ, ಬೇರೆ ಜಾಗವಿಲ್ಲದೆ ಆ ಯಂತ್ರದ ಸೀಟಿನಲ್ಲಿ ಕೂರಿಸಿದಳು. ಅವನು ಸುಮ್ಮನೆ ಕೂರದೆ, ಎಡಗೈಯಿಂದ ಬಲಗೈಯನ್ನು ಎತ್ತಿ ಸ್ಟೀರಿಂಗಿನ ಮೇಲಿಟ್ಟ. ಕೈ ಬೀಳಲಿಲ್ಲ. ಅಲ್ಲೇ ನಿಂತಿತು. ಅವನು ಎಡಗೈಯಿಂದ ಸ್ಟೀರಿಂಗ್ ತಿರುಗಿಸಿದ. ಬಲಗೈ ಅದರ ಜೊತೆಗೇ ಮೇಲೇರಿತು, ಜೊತೆಗೇ ಇಳಿಯಿತು. ಅತ್ತಿಗೆಯ ಕೂಗು ಕೇಳಿ ಪಕ್ಕದ ಮನೆಯವರೂ ಓಡಿ ಬಂದರು.

ಅಲ್ಲಿಂದ ಮುಂದೆ ಅಣ್ಣ ಬೇರೆಯೇ ಮನುಷ್ಯನಾದ. ಬೆಳಿಗ್ಗೆ ಎದ್ದವನೇ ಸೀಟಿಗೆ ಹೋಗಬೇಕು. ಯಂತ್ರ ಹಾಕಿಸಿಕೊಂಡು, ಪರದೆಯ ಮೇಲಿನ ರಸ್ತೆಯಲ್ಲಿ ಕಣ್ಣಿಟ್ಟು, ಎರಡೂ ಕೈಯಲ್ಲಿ ಕಾರು ಓಡಿಸುವುದೇ ಓಡಿಸುವುದು. ಮೊದಲಿನ ಹಾಗೆಯೇ ತುಟಿ ಕಚ್ಚುತ್ತಿದ್ದ, ಅರ್ಧ ತುಟಿಯನ್ನಾದರೂ. ಸಂಜೆ ಅಂಟಕ್ಕ ಬರುವುದನ್ನೇ ಕಾಯುತ್ತಿದ್ದು, ನೋಡು ಪುಟ್ಟಿ, ಇವತ್ತು ಬೆರಳೂ ಸ್ವಲ್ಪ ಬಿಗಿ ಹಿಡೀತು ಎಂದು ತೋರಿಸುತ್ತಿದ್ದ. ಅವಳಿಗೂ ಹಾಗೇ ಕಾಣುತ್ತಿತ್ತು. ನೋಡಬೇಕೆಂದು ಬಯಸಿದವರ ಕಣ್ಣಿಗೆ ಏನು ತಾನೇ ಕಾಣುವುದಿಲ್ಲ? ಕಸರತ್ತಿನ ಮೇಡಂ ಮಾತ್ರ ಆ ಕೈಯನ್ನು ಹಿಂದೆ ಮುಂದೆ ನೋಡಿ, ಚೆಂಡು ಹಿಡಿಯಲಾಗದ ಕೈ ಇದನ್ನು ಹೇಗೆ ಹಿಡಿಯುತ್ತೋ ನನಗೆ ಅರ್ಥವಾಗುತ್ತಿಲ್ಲ ಎಂದು ಹುಬ್ಬು ಗಂಟಿಕ್ಕಿದ್ದರು. ಆ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಗೆ ಪುಸ್ತಕದಲ್ಲಿ ಬರೆದದ್ದಷ್ಟೇ ಗೊತ್ತು ಎಂದು ಅತ್ತಿಗೆ ಮುಖ ಸಿಂಡರಿಸಿದಳು.

ಒಂದೇ ಒಂದು ತೊಂದರೆ. ಆ ಸ್ಟೀರಿಂಗೂ ಕೊಳೆತಿತ್ತು, ಹಾಲ್ ಮುಚ್ಚಿದ ಮೇಲೆ ಅದನ್ನು ಉಜ್ಜಿದವರಿರಲಿಲ್ಲವಲ್ಲ. ಅಣ್ಣನ ಎರಡೂ ಅಂಗೈ ದಿನವಿಡೀ ಮಸಿ. ಆ ಮಸಿ ಹಾಸಿಗೆಗೆ, ದಿಂಬಿಗೆ, ಗೋಡೆಗೆ, ಕೊನೆಗೆ ಅತ್ತಿಗೆ ಹೊಲಿದಿಟ್ಟ ಬಿಳಿ ಅಂಗಿಯೊಂದಕ್ಕೂ ಮೆತ್ತಿತು. ತಿಕ್ಕಿ ತಿಕ್ಕಿ ಸಾಕಾಗಿದ್ದ ಅತ್ತಿಗೆ ಅಂದು ಅಂಗಿಯನ್ನು ನಾದಿನಿಯ ಮುಂದೆ ಹಿಡಿದಳು. "ಊರಲ್ಲಿರೋರದ್ದೆಲ್ಲ ಉಜ್ಜಿಕೊಡ್ತೀಯ. ಮನೇಲಿರೋದು ನಿನ್ನ ಕಣ್ಣಿಗೆ ಬೀಳಲ್ವಾ?"

ಅಂಟಕ್ಕನಿಗೆ ನಾಚಿಕೆಯಾಯಿತು. ನಿಜವಲ್ಲವೇ? ದೂರದ ಊರುಗಳಿಂದ ತನ್ನ ಕೈಗೇ ಕೊಡಿ ಎಂದು ಹೇಳಿ ಕಳಿಸುತ್ತಾರೆ, ಸ್ವಂತ ಅಣ್ಣ ಕೊಳೆತದ್ದನ್ನು ಹಿಡಿದುಕೊಂಡು ಕೂತಿದ್ದಾನೆ. ಅಣ್ಣನಿಗೆ ತಾನು ಮಾಡಿದ್ದಾದರೂ ಏನು? ಒಡೆದ ತುಟಿಯಲ್ಲಿ ಬಂದವಳನ್ನು ಅವನು ಇಟ್ಟುಕೊಂಡ, ಅತ್ತಿಗೆ ಅವನಿಗೆ ತುತ್ತು ತಿನ್ನಿಸುವಾಗ ತಾನು ಹೊರಗೆ ಓಡಿಹೋಗುತ್ತಿದ್ದಳು. ಇದೊಂದನ್ನಾದರೂ ಚೆನ್ನಾಗಿ ಮಾಡಿಕೊಡುತ್ತೇನೆ ಎಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಅವನಿಗೆ ಹೇಳದೆ ಮಾಡಿ, ನೋಡಿದಾಗ ಅವನ ಮುಖ ಹೇಗಾಗುತ್ತದೋ ನೋಡಬೇಕು ಎನ್ನುವ ಆಸೆ ಬೇರೆ.

ಅಣ್ಣನನ್ನು ಅತ್ತಿಗೆ ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋದ ದಿನ ಅಂಟಕ್ಕ ರಜೆ ಹಾಕಿದಳು. ಸ್ಟೀರಿಂಗ್ ಬಿಚ್ಚಿ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಶುರು ಮಾಡಿದಳು. ಅಂಗಡಿಯಲ್ಲಿ ಉಜ್ಜುವುದಕ್ಕೂ ಇದಕ್ಕೂ ವ್ಯತ್ಯಾಸವಿತ್ತು. ತಿರುಗಿಸಿ ತಿರುಗಿಸಿ ನೋಡಿದಳು, ಕಡ್ಡಿಯ ತುದಿಯನ್ನು ಮತ್ತೆ ಮತ್ತೆ ಚೂಪು ಮಾಡಿಕೊಂಡು ಸಂದುಗೊಂದಿಯನ್ನೆಲ್ಲ ಕೆದಕಿದಳು. ಬಟ್ಟೆಗೆ ಮಸಿ ಬರುವುದು ನಿಂತ ಮೇಲೂ ಇನ್ನೊಂದು ಸುತ್ತು ಉಜ್ಜಿದಳು. ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಯಂತ್ರಕ್ಕೆ ಕೂರಿಸಿದಾಗ ಅದರಲ್ಲಿ ಕಿಟಕಿಯ ಬೆಳಕು ಕಾಣುತ್ತಿತ್ತು. ಇಷ್ಟು ಚೆನ್ನಾಗಿ ತಾನು ಯಾವತ್ತೂ ಮಾಡಿರಲಿಲ್ಲ ಎಂದು ಅವಳಿಗೇ ಅನ್ನಿಸಿತು. ಹೌದು, ಮಾಡಿರಲಿಲ್ಲ.

ಅಣ್ಣ ಸಿಟ್ಟಿನಿಂದಲೇ ಮನೆಯೊಳಗೆ ಬಂದ. ಡಾಕ್ಟರು ಕೈ ಹಿಡಿದು ಒತ್ತಿ ಎಂದರಂತೆ, ಚಿವುಟಿ ನೋಡಿದರಂತೆ. ಈ ಕೈ ಮೊದಲು ಹೇಗಿತ್ತೋ ಹಾಗೇ ಇದೆ, ಇನ್ನು ಇದರ ಆಸೆ ಇಟ್ಟುಕೊಳ್ಳಬೇಡಿ, ಎಡಗೈ ರೂಢಿ ಮಾಡಿಕೊಳ್ಳಿ ಎಂದುಬಿಟ್ಟರಂತೆ. ಇಷ್ಟನ್ನೂ ಹೇಳಿದವಳು ಅತ್ತಿಗೆ. ಅಣ್ಣ ಮಾತ್ರ, ಅವರ ಟೇಬಲ್ ಮುಂದೆ ಕೂತರೆ ಅವರಿಗೇನು ಕಾಣುತ್ತೆ, ನನ್ನ ಮನೆಗೆ ಬಂದು ನೋಡಲಿ ಎಂದು ಕೋಲು ಕುಟ್ಟುತ್ತ ನೇರವಾಗಿ ಸೀಟಿನ ಕಡೆಗೆ ನಡೆದ.

ಹೊಳೆಯುವ ಸ್ಟೀರಿಂಗ್ ನೋಡಿ ಅವನ ಸಿಟ್ಟು ಇಳಿಯಿತು. ತಂಗಿಯ ಕಡೆ ನೋಡಿ ನಕ್ಕ. ಅಂಟಕ್ಕ ಅದಕ್ಕಾಗಿಯೇ ಬೆಳಗಿನಿಂದ ಕಾದಿದ್ದಳು. ಅವನು ಕುಳಿತು, ಎಡಗೈಯಿಂದ ಬಲಗೈ ಎತ್ತಿ ಮೇಲಿಟ್ಟ. ಕೈ ಜಾರಿ ತೊಡೆಯ ಮೇಲೆ ಬಿತ್ತು.

ಮತ್ತೆ ಇಟ್ಟ. ಮತ್ತೆ ಬಿತ್ತು. ಬೆರಳುಗಳನ್ನು ಒಂದೊಂದಾಗಿ ಮಡಿಸಿ ಸುತ್ತಿ ಇಟ್ಟು ಎಡಗೈ ತೆಗೆದ. ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ದಣಿದಿದ್ದೀರಿ, ಆಸ್ಪತ್ರೆ ಸುತ್ತಿ ಬಂದಿದ್ದೀರಿ, ನಾಳೆ ನೋಡಿದರಾಯಿತು ಎಂದು ಅತ್ತಿಗೆ ಸಮಾಧಾನ ಹೇಳಿದಳು. ಅವನು ಕೇಳಿಸಿಕೊಳ್ಳಲೇ ಇಲ್ಲ, ಇಡುತ್ತಲೇ ಹೋದ. ಕೊನೆಗೆ ನಿಲ್ಲಿಸಿದಾಗ ಅವನ ಅಂಗಿ ಬೆವರಿನಿಂದ ತೊಯ್ದಿತ್ತು. ಡಾಕ್ಟರು ಚಿವುಟಿ ನೋಡಿದಾಗಲೇ ಏನೋ ಆಯಿತು, ಇದ್ದದ್ದೂ ಹೋಯಿತು ಎಂದು ಅವನು ಮಂಚದಲ್ಲಿ ಮಲಗಿ ಹೇಳಿದ.

ಮರುದಿನವೂ ಅದೇ ಕಥೆ. ಅದರ ಮರುದಿನ ಅವನು ಸೀಟಿನ ಹತ್ತಿರ ಹೋಗಲೇ ಇಲ್ಲ. ತುತ್ತು ಕೊಡಲು ಬಂದ ಹೆಂಡತಿಯ ಕೈಯನ್ನು ತಳ್ಳಿದ.

ಅಂಟಕ್ಕ ಅಂಗಡಿಯಲ್ಲಿ ಕುಳಿತಿದ್ದಳು, ಮನಸ್ಸೆಲ್ಲ ಮನೆಯಲ್ಲಿ. ಚೀಲಕ್ಕೆ ಕೈ ಹಾಕಿ ಒಂದು ಸ್ಟೀರಿಂಗ್ ಎಳೆದುಕೊಂಡಳು. ತೊಡೆಯ ಮೇಲಿಟ್ಟು ಬಟ್ಟೆ ತೆಗೆದುಕೊಳ್ಳಲು ಕೈ ಎತ್ತಿದರೆ ಕೈ ಬರಲಿಲ್ಲ, ಅಂಟಿಕೊಂಡಿತ್ತು. ಎಷ್ಟೋ ವರ್ಷಗಳಿಂದ ದಿನಾ ಆಗುತ್ತಿದ್ದದ್ದೇ ಅದು. ಜಗ್ಗಿ ಬಿಡಿಸಿಕೊಳ್ಳುವುದು ಅಭ್ಯಾಸವಾಗಿ ಹೋಗಿ ಅವಳಿಗೆ ಅದರ ಅರಿವೇ ಇರುತ್ತಿರಲಿಲ್ಲ. ಅಂದು ಅವಳು ಜಗ್ಗಲಿಲ್ಲ. ತೋಳನ್ನು ಪೂರ್ತಿ ಸಡಿಲ ಬಿಟ್ಟು ಸ್ಟೀರಿಂಗನ್ನು ಎತ್ತಿ ಹಿಡಿದಳು. ಕೈ ಬೀಳಲಿಲ್ಲ.

ಅಯ್ಯೋ, ಬೇರೆ ಯಾರಿಗೂ ಹೊಳೆಯದಿದ್ದರೆ ಹೋಗಲಿ ಎನ್ನಬಹುದು. ಬದುಕೆಲ್ಲ ಅದೇ ಅಂಟಿನ ಜೊತೆ ಕಳೆದವಳು! ಚೆಂಡು ಹಿಡಿಯದ ಕೈ ಇದನ್ನು ಹೇಗೆ ಹಿಡಿಯುತ್ತೆ ಎಂದು ಆ ಮೇಡಂ ಕೇಳಿದಾಗ ಉತ್ತರ ಇವಳ ಉಗುರಿನ ಸಂದಿಯಲ್ಲೇ ಇತ್ತು. ಸ್ಪಿರಿಟ್ ವಾಸನೆಯ ಆ ಕೋಣೆಯಲ್ಲಿ ಅವಳು ತಲೆಯ ಮೇಲೆ ಕೈ ಹೊತ್ತು ಎಷ್ಟು ಹೊತ್ತು ಕುಳಿತಿದ್ದಳೋ. ಮೆಕ್ಯಾನಿಕ್ ಒಬ್ಬ ಇಣುಕಿ, ಏನಕ್ಕ, ಕೈ ಸಿಕ್ಕಾಕ್ಕೊಂಡ್ತಾ ಎಂದು ತಮಾಷೆ ಮಾಡಿ ಹೋದ.

ಎರಡು ದಾರಿಯಿತ್ತು. ನಿನ್ನ ಕೈ ಹಾಳಾಗಿಲ್ಲ, ಅದು ಯಾವತ್ತೂ ಸರಿಯಾಗಿಯೇ ಇರಲಿಲ್ಲ ಎಂದು ಹೇಳುವುದು ಒಂದು. ಅದನ್ನು ಹೇಳುವ ಬಾಯಿ ಅವಳಿಗಿರಲಿಲ್ಲ. ಇನ್ನೊಂದು ದಾರಿಯನ್ನು ಅವಳು ಹಿಡಿದಳು. ಯಜಮಾನನನ್ನು ಕೇಳಿ, ಚೀಲದಲ್ಲಿದ್ದವುಗಳಲ್ಲಿ ಅಣ್ಣನದನ್ನು ಹೋಲುವ, ಎಲ್ಲಕ್ಕಿಂತ ಹೆಚ್ಚು ಕೊಳೆತ ಒಂದನ್ನು ಆರಿಸಿ, ಕಾಗದ ಸುತ್ತಿ ಮನೆಗೆ ತಂದಳು. ಅಣ್ಣ ಮಧ್ಯಾಹ್ನದ ನಿದ್ದೆಯಲ್ಲಿದ್ದ. ಉಸಿರು ಬಿಗಿಹಿಡಿದು ಹೊಳೆಯುವುದನ್ನು ಬಿಚ್ಚಿ, ಕೊಳೆತದ್ದನ್ನು ಕೂರಿಸಿದಳು. ತಾನು ಕಲಿತ ವಿದ್ಯೆಯನ್ನೆಲ್ಲ ತಿರುಗುಮುರುಗಾಗಿ ಮಾಡುತ್ತಿದ್ದೇನೆ ಎಂದು ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ.

ಅವನು ಎದ್ದ ಮೇಲೆ ಯಂತ್ರ ಹಾಕಿ, ಒಂದೇ ಒಂದು ಸಲ ಕೂತು ನೋಡು ಎಂದು ಗೋಗರೆದಳು. ಬೇಡ ಎಂದ. ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ತಂಗಿಯ ಮುಖ ನೋಡಲಾಗದೆ ಎದ್ದು ಬಂದು ಕುಳಿತ. ಬಲಗೈಯನ್ನು ಎತ್ತಿ ಮೇಲಿಟ್ಟು, ಕಣ್ಣು ಮುಚ್ಚಿ, ಎಡಗೈ ತೆಗೆದ.

ಕೈ ನಿಂತಿತು.

ಅತ್ತಿಗೆ ಹೊಲಿಗೆ ಯಂತ್ರದಿಂದ ಎದ್ದುಬಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಣ್ಣ ಕಣ್ಣು ತೆರೆದ. ಅವನ ಮುಖ ಅರಳಿತು. ನೋಡಿದಿಯಾ ಎನ್ನುವ ಹಾಗೆ ತಂಗಿಯ ಕಡೆ ತಿರುಗಿದ, ಸ್ಟೀರಿಂಗ್ ತಿರುಗಿಸಲೆಂದು ಎಡಗೈಯನ್ನೂ ಅದರ ಮೇಲಿಟ್ಟ. ಎಡಗೈಯನ್ನು ಮೆಲ್ಲಗೆ ಜಗ್ಗಿದ. ಅದು ಚರ್ರೆಂದು ಬಿಟ್ಟುಕೊಂಡಿತು. ಮಸಿ ಮೆತ್ತಿದ ಅಂಗೈಯನ್ನು ನೋಡಿದ, ಹೆಬ್ಬೆರಳಿನಿಂದ ಬೆರಳುಗಳನ್ನು ಉಜ್ಜಿ ನೋಡಿದ. ಅವನೂ ಗೇಮ್ಸ್ ಹಾಲ್ ನಡೆಸಿದ ಮನುಷ್ಯ. ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಪುಟ್ಟಿ," ಎಂದ. "ಇಷ್ಟು ದಿನ ಹಿಡ್ಕೊಂಡಿದ್ದು ನಾನಾ, ಇದಾ?"

ಸುಳ್ಳು ಹೇಳಲೆಂದೇ ಅವಳು ಬಾಯಿ ತೆರೆದಿದ್ದಳು. ನೀನೇ ಅಣ್ಣ ಎಂದರೆ ಮುಗಿಯುತ್ತಿತ್ತು. ಆದರೆ ಒಂದು ಮಾತೂ ಕೇಳದೆ ತನ್ನನ್ನು ಒಳಗೆ ಕರೆದುಕೊಂಡವನು ಬದುಕಿನಲ್ಲಿ ಮೊದಲ ಸಲ ತನ್ನನ್ನು ಒಂದು ಮಾತು ಕೇಳಿದ್ದ.

"ಇದು," ಎಂದಳು.

ಅಣ್ಣ ತಲೆಯಾಡಿಸಿದ. ಸಿಟ್ಟಾಗಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪರದೆಯ ಮೇಲೆ ಕಾರು ರಸ್ತೆ ಬಿಟ್ಟು ಬೇಲಿಗೆ ತಗುಲಿ ನಿಂತು ಗುರ್ರೆನ್ನುತ್ತಿತ್ತು. ಅವನು ಅದನ್ನು ನೋಡುತ್ತಲೇ, "ಬಿಡಿಸಮ್ಮ ಇದನ್ನ," ಎಂದ.

ಅಂಟಕ್ಕ ಅವನ ಪಕ್ಕ ಮಂಡಿಯೂರಿ ಕುಳಿತಳು. ಅವನ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಚರ್ಮ ಎಳೆಯದ ಹಾಗೆ, ನೋಯದ ಹಾಗೆ, ಬೆರಳು ಬೆರಳಾಗಿ ಬಿಡಿಸಿದಳು. ನೋಯುತ್ತಾ ಎಂದು ಕೇಳಿದಳು. ಇಲ್ಲ, ಏನೂ ಗೊತ್ತಾಗ್ತಿಲ್ಲ ಎಂದು ಅವನು ಹೇಳಿದ.